ಮಂಗಳಕ್ಕೆ ಮೊದಲು

"ಎಲ್ಲಿ ನೋವು ಅಂತ ನಾನು ಯಾರನ್ನ ಕೇಳ್ಲಿ?"

ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಒಲೆಯ ಮೇಲೆ ಹಾಲು ಕಾಯುತ್ತಿತ್ತು, ಗೂಡಿನಲ್ಲಿ ದೇವರು ಕೂತಿದ್ದ. ತಾನು ಬಾಯಿಬಿಟ್ಟು ಕೇಳಿಬಿಟ್ಟದ್ದು ತನ್ನ ಕಿವಿಗೇ ಬಿದ್ದಾಗ ವತ್ಸಲಾ ನಾಚಿಕೊಂಡಳು. ಗಂಡ ಲಕ್ಷ್ಮೀಪತಿ ಆಫೀಸಿಗೆ, ಮಗ ಗೋಪೀನಾಥ ಕಾಲೇಜಿಗೆ ಹೋಗಿ ಬಹಳ ಹೊತ್ತಾಗಿತ್ತು. ಅತ್ತೆ ಲಕ್ಷ್ಮಿದೇವಮ್ಮ ಹಜಾರದಲ್ಲಿ ಕಾಲು ಚಾಚಿ ಕೂತು ಹೂಬತ್ತಿ ಹೊಸೆಯುತ್ತಿದ್ದರು. ಅವರಿಗೆ ಈಚೆಗೆ ಕಿವಿ ಮಂದ. ಸದ್ಯ, ಕೇಳಿಸಿರಲಾರದು.

ನೋವು ಅಂದರೆ ಕೈಯಿಟ್ಟು ತೋರಿಸುವ ನೋವಲ್ಲ. ಗಂಟಲಿನದು. ಗಂಟಲಿನದೂ ಅಲ್ಲವೇನೋ.

ರಾಜಾಜಿನಗರದ ಆ ಬ್ಲಾಕಿನಲ್ಲಿ ಅವಳಿಗೆ 'ಮಂಗಳದ ವತ್ಸಲಮ್ಮ' ಎಂದೇ ಹೆಸರು. ಪುರಾಣದ ಓದಾಗಲಿ, ಭಜನೆಯಾಗಲಿ, ಹಸೆಗೆ ಕೂರಿಸುವ ಶಾಸ್ತ್ರವಾಗಲಿ, ಕೊನೆಗೆ ಮಂಗಳ ಹಾಡಿ ಆರತಿ ಎತ್ತದೆ ಯಾರೂ ಮನೆಗೆ ಏಳುವಂತಿಲ್ಲ. ಆ ಮಂಗಳ ವತ್ಸಲೆಯ ಬಾಯಲ್ಲೇ ಆಗಬೇಕು. ತಾಯಿಯಿಲ್ಲದೆ ಬೆಳೆದ ಹುಡುಗಿ ಅವಳು. ತಂದೆ ನಸುಕಿನಲ್ಲಿ ಬಾವಿಯ ನೀರು ಸೇದುತ್ತ ಪದ್ಯ ಹೇಳಿಕೊಳ್ಳುತ್ತಿದ್ದರು. ರಾಟೆಯ ಕಿರುಗುಟ್ಟುವ ಸದ್ದಿಗೂ ಪದ್ಯದ ನಡೆಗೂ ತಾಳ ಕೂಡಿಹೋಗಿರುತ್ತಿತ್ತು. ಹಾಸಿಗೆಯಲ್ಲೇ ಕಣ್ಣು ಮುಚ್ಚಿ ಕೇಳಿದ್ದೇ ಅವಳ ಪಾಠ. ಗಂಡನ ಮನೆಗೆ ಬರುವಾಗ ತಂದದ್ದು ಅದೊಂದೇ ಒಡವೆ ಎಂದು ಲಕ್ಷ್ಮಿದೇವಮ್ಮ ಮೊದಲು ಹಂಗಿಸಿ ಹೇಳುತ್ತಿದ್ದರು, ಆಮೇಲೆ ಹೆಮ್ಮೆಯಿಂದ ಹೇಳತೊಡಗಿದರು.

ಆ ಒಡವೆ ಈ ವರ್ಷ ಬಿರುಕು ಬಿಟ್ಟಿತ್ತು. ವೈಶಾಖದಲ್ಲಿ ಎದುರುಮನೆ ಶಿವಗಂಗಮ್ಮನವರ ಮೊಮ್ಮಗಳಿಗೆ ತೊಟ್ಟಿಲು ಹಾಕಿದರು. ತೊಟ್ಟಿಲಿನ ಸರಪಳಿಯೂ ಕಾಣದ ಹಾಗೆ ಮಲ್ಲಿಗೆ ಸುತ್ತಿದ್ದರು. ಬಂದ ಹೆಂಗಸರಿಗೆಲ್ಲ ಮಲ್ಲಿಗೆ ಕೊಟ್ಟು ವತ್ಸಲೆಗೆ ಮಾತ್ರ ಕನಕಾಂಬರ ಕೊಟ್ಟರು. ಅವಳಿಗೆ ಮಲ್ಲಿಗೆ ಆಗಿಬರುವುದಿಲ್ಲ, ವಾಸನೆಗೆ ತಲೆ ಸಿಡಿಯುತ್ತದೆ ಎಂಬುದು ಬೀದಿಗೆಲ್ಲ ಗೊತ್ತಿದ್ದ ಸಂಗತಿ. ಮಂಗಳ ಶುರು ಮಾಡಿದಳು. ಮೊದಲ ಸಾಲು ಎಂದಿನಂತೆ ಬಂತು. ಎರಡನೆಯ ಸಾಲಿಗೆ ಏರುವಾಗ ಒಳಗಿನಿಂದ ಯಾರೋ ಬಾಗಿಲು ಹಾಕಿಕೊಂಡ ಹಾಗಾಯಿತು. ನೀರು ಕೊಟ್ಟರು, ಗಾಳಿ ಬೀಸಿದರು. ಆ ದಿನದಿಂದ ಎಲ್ಲಿ ಹಾಡಿದರೂ ಅದೇ ಜಾಗದಲ್ಲಿ ಅದೇ ಬಾಗಿಲು.

ವಿಜಯನಗರದ ಡಾಕ್ಟರು ಹಣೆಗೆ ಕನ್ನಡಿ ಕಟ್ಟಿಕೊಂಡು ನೋಡಿ ಗಂಟಲು ಸ್ವಚ್ಛವಾಗಿದೆ ಎಂದರು. ಅತ್ತೆ ಉಪ್ಪು ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದರು. ಲಕ್ಷ್ಮೀಪತಿ ಜ್ಯೇಷ್ಠಮಧು ತಂದುಕೊಟ್ಟು, "ಊರಿಗೆಲ್ಲ ಮಂಗಳ ಹಾಡಿದ್ದು ಸಾಕು ಅಂತ ಗಂಟಲು ರಜಾ ಕೇಳ್ತಾ ಇದೆ ಕಣೇ, ಸ್ಯಾಂಕ್ಷನ್ ಮಾಡಿಬಿಡು" ಎಂದು ನಗಿಸಲು ನೋಡಿದ. ಅವಳು ನಕ್ಕಳು. ಆದರೆ ಶ್ರಾವಣದ ಕೊನೆಯ ಶನಿವಾರದ ಓದು ಈ ಸಲ ಅವರ ಮನೆಯಲ್ಲೇ ಇತ್ತು. ಅತ್ತೆಯ ಎಷ್ಟೋ ವರ್ಷಗಳ ಆಸೆ ಅದು. ತನ್ನ ಮನೆಯಲ್ಲೇ ಮಂಗಳ ಕೈಕೊಟ್ಟರೆ? ಅದಕ್ಕಿಂತ ಹೆಚ್ಚಾಗಿ, ಹಾಡೇ ಹೋದರೆ ತನ್ನದು ಅಂತ ಉಳಿಯುವುದೇನು? ಇದನ್ನು ಅವಳು ಯಾರ ಹತ್ತಿರವೂ ಆಡಲಿಲ್ಲ.

ಓದುತ್ತಿದ್ದವರು ವೆಂಕಟಗಿರಿ ಮೇಷ್ಟ್ರು. ಪ್ರೈಮರಿ ಶಾಲೆಯಿಂದ ರಿಟೈರಾದ ಬಡಕಲು ದೇಹ, ಅದರೊಳಗೆ ಗುಡಿಯ ಗಂಟೆಯಂಥ ಕಂಠ. ಅದರ ಹಿಂದಿನ ಶನಿವಾರ ಭಜನೆ ಮಂದಿರದಲ್ಲಿ ಓದು ಮುಗಿದ ಮೇಲೆ, ದೊನ್ನೆಯ ಕೋಸಂಬರಿ ತಿನ್ನುತ್ತ ಅವರು ಚಪ್ಪಲಿ ಹುಡುಕುತ್ತಿದ್ದಾಗ ವತ್ಸಲಾ ಹತ್ತಿರ ಹೋದಳು. ಆ ದಿನವೂ ಮಂಗಳ ಅರ್ಧಕ್ಕೆ ನಿಂತು, ಉಳಿದ ಹೆಂಗಸರು ಹೇಗೋ ಎಳೆದು ಮುಗಿಸಿದ್ದರು. ಗಂಟಲಿನ ವಿಚಾರವನ್ನು ಅವಳು ಮೇಷ್ಟ್ರಿಗೆ ಚೂರುಚೂರಾಗಿ ಹೇಳಿದಳು. ದೇವರನ್ನು ದಿನಾ ಬೇಡುತ್ತೇನೆ, ಏನೂ ತೋರಿಸುತ್ತಿಲ್ಲ ಎಂದಳು.

ಮೇಷ್ಟ್ರು ದೊನ್ನೆಯನ್ನು ಮಡಿಸಿ ಬುಟ್ಟಿಗೆ ಹಾಕಿದರು. ಉಪದೇಶ ಮಾಡುವ ಜನವಲ್ಲ ಅವರು.

"ಪೂಜೆಗೆ ಕೂತಾಗ ಮೊದಲು ಏನು ಮಾಡ್ತೀಯಮ್ಮ?"

"ಆವಾಹನೆ. ಅಕ್ಷತೆ ಹಾಕಿ ಬಾ ಅಂತ ಕರೀತೀನಿ."

"ಎಲ್ಲಿಗೆ ಕರೀತೀಯ? ಗುಡಿಸಿ ಸಾರಿಸಿ ರಂಗೋಲಿ ಹಾಕಿದ ಜಾಗಕ್ಕೆ. ಮಣೆ ಹಾಕಿ ಇಲ್ಲೇ ಕೂರು ಅಂತೀಯ. ನಾವೆಲ್ಲ ಹಾಗೇನೇ. ಬಂದೋನನ್ನ ಪಡಸಾಲೇಲಿ ಕೂರಿಸಿ ನೈವೇದ್ಯ ಕೊಟ್ಟು ಕಳಿಸಿಬಿಡ್ತೀವಿ. ಉಗ್ರಾಣದ ಬೀಗ ಅವನಿಗೆ ಯಾವತ್ತಾದ್ರೂ ತೆಗೆದುಕೊಟ್ಟಿದೀವಾ?"

ವತ್ಸಲಾ ತನ್ನ ಕೈಯ ದೊನ್ನೆಯನ್ನೂ ಬುಟ್ಟಿಗೆ ಹಾಕಿದಳು. ಆಮೇಲೆ, ಎಷ್ಟೋ ವರ್ಷದಿಂದ ಕೇಳಬೇಕೆಂದಿದ್ದ ಇನ್ನೊಂದನ್ನು ಕೇಳಿದಳು. ತನ್ನ ಮನೆಯ ಓದಿಗೆ ಬರುವ ಭಾಗ, ಸತ್ಯಕ್ಕಾಗಿ ರಾಜ್ಯ ತೊರೆದ ಅರಸನ ಕಥೆಯದು. ಅವನ ರಾಣಿ ಹಾವು ಕಚ್ಚಿದ ಮಗನನ್ನು ಎತ್ತಿಕೊಂಡು ಸುಡುಗಾಡಿಗೆ ಬರುತ್ತಾಳೆ. ಪ್ರತಿ ಸಲವೂ ಮೇಷ್ಟ್ರು ಅಲ್ಲಿ ಗಬಕ್ಕನೆ ಹಾಳೆ ಮಗುಚಿ, ದೇವರು ಬಂದು ಮಗು ಏಳುವ ಜಾಗಕ್ಕೆ ಹೋಗಿಬಿಡುತ್ತಿದ್ದರು. ನಡುವೆ ಏನೋ ಬಿಟ್ಟುಹೋಗುತ್ತದಲ್ಲ, ಅದೇನು?

"ತಾಯಿ ಅಳೋ ಪದ್ಯಗಳು. ಸಂಸಾರಸ್ಥರ ಮನೇಲಿ ಅದನ್ನ ಓದೋ ಪದ್ಧತಿ ಇಲ್ಲಮ್ಮ. ಅಮಂಗಳ ಅಂತಾರೆ."

"ನಮ್ಮ ಮನೇಲಿ ಓದಿ ಮೇಷ್ಟ್ರೇ."

ಮೇಷ್ಟ್ರು ಆಗಲಿ ಎನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ಕೊಡೆ ಊರಿಕೊಂಡು ಹೊರಟರು.

ಶುಕ್ರವಾರ ಬೆಳಿಗ್ಗೆ ವತ್ಸಲಾ ತಲೆಗೆ ನೀರು ಹಾಕಿಕೊಂಡು ದೇವರ ಮುಂದೆ ಕೂತಳು. ಅಕ್ಷತೆ ಕೈಗೆ ತೆಗೆದುಕೊಂಡಾಗ ಬಾಯಿಗೆ ಬಂದದ್ದು ಎಂದಿನ ಮಂತ್ರವಲ್ಲ. ಅಪ್ಪಾ, ಇವತ್ತು ಮಣೆ ಹಾಕಿಲ್ಲ, ರಂಗೋಲಿಯೂ ಇಲ್ಲ. ಒಳಗೆ ಒಂದು ಕೋಣೆ ಇದೆ, ಅದರಲ್ಲಿ ಏನಿದೆಯೋ ನನಗೇ ಗೊತ್ತಿಲ್ಲ, ಬೀಗದ ಕೈ ಎಲ್ಲಿಟ್ಟೆನೋ ಅದೂ ಮರೆತಿದ್ದೇನೆ. ನೀನೇ ತೆಗೆದು ನೋಡು, ನೋಡಿ ನನಗೂ ತೋರಿಸು. ಇಷ್ಟು ಹೇಳಿ ಅಕ್ಷತೆಯನ್ನು ದೇವರ ಮೇಲೆ ಹಾಕಲಿಲ್ಲ, ತನ್ನ ಎದೆಯ ಮೇಲೆ ಹಾಕಿಕೊಂಡಳು. ಕಾಳುಗಳು ಸೆರಗಿನ ಮೇಲಿಂದ ಜಾರಿ ಮಡಿಲಿಗೆ ಬಿದ್ದವು. ಏನೂ ಆಗಲಿಲ್ಲ. ಎದ್ದು ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚಿದಳು.

ಬಿಸಿಲೇರುವ ಹೊತ್ತಿಗೆ ಹೂವಿನ ಅಣ್ಣಮ್ಮ ಬಂದಳು. ಮಾರೇನಹಳ್ಳಿಯಿಂದ ಬುಟ್ಟಿ ಹೊತ್ತು ಬರುವವಳು. ಬಾಗಿಲಲ್ಲಿ ಬುಟ್ಟಿ ಇಳಿಸಿದರೆ ಊರ ಸುದ್ದಿಯನ್ನೂ ಇಳಿಸದೆ ಏಳುವವಳಲ್ಲ. ಮಾರನೆಯ ದಿನದ ಓದಿಗೆ ಪುಸ್ತಕಕ್ಕೆ ಏರಿಸಲು ಮಲ್ಲಿಗೆ ಹಾರ ಬೇಕೆಂದು ಲಕ್ಷ್ಮಿದೇವಮ್ಮ ಹಜಾರದಿಂದಲೇ ಕೂಗಿ ಹೇಳಿದರು. ಬುಟ್ಟಿಯ ಮೂಲೆಯಲ್ಲಿ ಬಾಳೆಲೆಯಲ್ಲಿ ಕಟ್ಟಿದ ಮಲ್ಲಿಗೆಯ ಪೊಟ್ಟಣ ಕಂಡು, ಹಾರಕ್ಕೆ ಅದನ್ನೂ ಕೊಡಬಾರದೇ ಎಂದು ವತ್ಸಲಾ ಕೇಳಿದಳು.

"ಅಯ್ ಅದು ಕೊಡಕ್ಕಿಲ್ಲ ಕಣಮ್ಮೋ, ನನ್ ಸೊಸೆಗೆ. ಮುಡ್ಕೊಳಕ್ಕಲ್ಲ ಮತ್ತೆ. ಮೊಮ್ಮಗೀಗೆ ಎರಡು ವರ್ಷ ಆಯ್ತು, ಇನ್ನೂ ಎದೆ ಬಿಡಾಕಿಲ್ಲ ಅಂತದೆ. ಅದ್ಕೇಯ, ಮಲ್ಲಿಗೆ ಎದೆಗೆ ಇಟ್ಟು ಬಟ್ಟೆ ಬಿಗಿದುಬುಟ್ರೆ ಹಾಲು ಇಂಗೋಯ್ತದೆ. ನಿಮ್ ಕಡೆ ಇಲ್ವಾ ಈ ಪದ್ಧತಿ?"

ವತ್ಸಲಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅಣ್ಣಮ್ಮನ ಮಾತು ಮುಂದೆ ಹೋಗುತ್ತಲೇ ಇತ್ತು, ಬುಟ್ಟಿ ತಲೆಗೇರಿತು, ಗೇಟು ಕಿರ್ರೆಂದಿತು. ಯಾವುದೂ ಅವಳಿಗೆ ಕೇಳಲಿಲ್ಲ.

ಕೇಳಿಸಿದ್ದು ಓಲಗ.

ತನ್ನ ಮದುವೆಯಾದ ಎರಡನೆಯ ವರ್ಷ ಅದು. ನಾದಿನಿ ಚೂಡಾಮಣಿಗೆ ಎಷ್ಟೋ ಸಂಬಂಧ ತಪ್ಪಿ, ಕೊನೆಗೆ ತುಮಕೂರಿನ ಕಡೆಯ ಗಂಡು ಒಪ್ಪಿ, ಛತ್ರ ಗೊತ್ತಾಗಿತ್ತು. ಆಗಲೇ ವತ್ಸಲೆಗೆ ಹೆರಿಗೆ. ಹೆಣ್ಣು ಮಗು. ಕರೆದೊಯ್ಯಲು ತವರಿನಲ್ಲಿ ತಾಯಿಯಿಲ್ಲದ್ದರಿಂದ ಬಾಣಂತನ ಅತ್ತೆಯ ಮನೆಯಲ್ಲೇ. ಮಗುವಿಗೆ ಹೆಸರಿಡುವ ಮೊದಲೇ ಒಂದು ಮುಂಜಾನೆ ಅದು ಅಳಲಿಲ್ಲ. ಎತ್ತಿಕೊಂಡರೆ ತಣ್ಣಗಿತ್ತು. ಪುರೋಹಿತರನ್ನು ಕೇಳಿದರು. ಹೆಸರಿಲ್ಲದ, ಹಲ್ಲು ಹುಟ್ಟದ ಕೂಸಿಗೆ ಬೇರೆ ಸೂತಕವಿಲ್ಲ, ಹೆರಿಗೆಯ ಪುರುಡು ಕಳೆದು ಪುಣ್ಯಾಹ ಮಾಡಿಸಿದರೆ ಮದುವೆಗೆ ಅಡ್ಡಿಯಿಲ್ಲ ಎಂದರು. ಮಾವನವರೂ ಲಕ್ಷ್ಮೀಪತಿಯೂ ಬಿಳಿ ಪಂಚೆಯಲ್ಲಿ ಏನನ್ನೋ ಸುತ್ತಿಕೊಂಡು ಹಿತ್ತಲ ಬಾಗಿಲಿಂದ ಹೋದರು. ಬರುವಾಗ ಉಟ್ಟ ಪಂಚೆ ಒದ್ದೆಯಿತ್ತು, ಕೈ ಬರಿದಾಗಿತ್ತು.

ಬೀಗರಿಗೆ ತಿಳಿದರೆ ಅಪಶಕುನ ಅಂದಾರು, ಸಂಬಂಧ ಮುರಿದೀತು. ಆದ್ದರಿಂದ ಯಾರೂ ಅಳುವಂತಿಲ್ಲ. ಎದೆಯಲ್ಲಿ ಹಾಲು ಮಾತ್ರ ಯಾರ ಮಾತನ್ನೂ ಕೇಳಲಿಲ್ಲ. ಅತ್ತೆಯೇ ಮಲ್ಲಿಗೆ ತರಿಸಿ, ಮೊಗ್ಗು ಹರವಿ, ಬಟ್ಟೆಯಿಂದ ಬಿಗಿಯಾಗಿ ಕಟ್ಟಿದರು. ಹೂವು ಎದೆಯ ಕಾವಿಗೆ ಅರಳಿ, ಬಾಡಿ, ಕೊಳೆತು, ಮತ್ತೆ ಹೊಸ ಹೂವು. ಮದುವೆಯ ದಿನ ಆರತಿಗೆ ಹಾಡುವವರು ಬೇಕಾಯಿತು. ಕಂಠವಿದ್ದದ್ದು ಇವಳಿಗೆ. ಕೂರಿಸಿದರು. ಗಂಡಿನ ಕಡೆಯ ಮುದುಕಿಯೊಬ್ಬರು ಪ್ರೀತಿಯಿಂದಲೇ ಕೇಳಿದರು: "ಬಾಣಂತಿ ಅಲ್ವೇನಮ್ಮ ನೀನು? ಕೂಸೆಲ್ಲಿ?"

"ಒಳಗೆ ಮಲಗಿದೆ" ಎಂದರು ಅತ್ತೆ.

ವತ್ಸಲಾ ಹೌದೆಂದು ತಲೆಯಾಡಿಸಿದಳು. ತಲೆಯಾಡಿಸಿದ್ದೇ ತಡ, ಆ ಮಾತು ಕೇಳಿಸಿಕೊಂಡಂತೆ, ಎದೆ ತುಂಬಿ ಹರಿಯಿತು. ಕಟ್ಟು ಒದ್ದೆಯಾಯಿತು, ರವಿಕೆ ಒದ್ದೆಯಾಯಿತು. ಅತ್ತೆ ಓಡಿಬಂದು ಹೆಗಲ ಮೇಲೆ ಶಾಲು ಹೊದಿಸಿದರು. ನೋಡಿದವರು ಹಾಡಿಗೆ ಮರ್ಯಾದೆ ಮಾಡಿದರು ಅಂದುಕೊಂಡರು. ಶಾಲು ಸರಿಪಡಿಸುವ ನೆಪದಲ್ಲಿ ಅತ್ತೆ ಕಿವಿಯಲ್ಲಿ ಅಂದರು, ಹಾಡು, ನಿಲ್ಲಿಸಬೇಡ. ಅವಳು ಹಾಡಿದಳು. ಎಲ್ಲ ಸಾಲುಗಳನ್ನೂ ಹಾಡಿದಳು. ಏನು ಗಟ್ಟಿಗಿತ್ತಿ ಎಂದು ಅತ್ತೆ ಆ ದಿನ ಮನೆಮಂದಿಯ ಮುಂದೆ ಹೊಗಳಿದರು. ಆ ಹೊಗಳಿಕೆಯನ್ನೇ ಬೆನ್ನೆಲುಬು ಮಾಡಿಕೊಂಡು ಅವಳು ಇಷ್ಟು ವರ್ಷ ನಿಂತಳು. ಗೋಪೀನಾಥ ಹುಟ್ಟಿದ. ಮನೆಮನೆಗೆ ಹೋಗಿ ಮಂಗಳ ಹಾಡಿದಳು. ಮಲ್ಲಿಗೆ ಆಗುವುದಿಲ್ಲ ಎಂದಷ್ಟೇ ನೆನಪಿತ್ತು. ಏಕೆಂಬುದು ಹೋಗಿತ್ತು.

ಹೋಗಿರಲಿಲ್ಲ, ಒಳಗೆ ಮಲಗಿತ್ತು.

ಅವಳು ಹಜಾರಕ್ಕೆ ಹೋಗಿ ಅತ್ತೆಯ ಮುಂದೆ ಕುಕ್ಕರುಗಾಲಲ್ಲಿ ಕೂತಳು.

"ಅತ್ತೆ, ನನ್ನ ಮಗೂನ ಎಲ್ಲಿ ಮಣ್ಣು ಮಾಡಿದ್ರು?"

ಲಕ್ಷ್ಮಿದೇವಮ್ಮ ಬತ್ತಿ ಹೊಸೆಯುವುದನ್ನು ಬಿಡಲಿಲ್ಲ. "ಯಾವ ಮಗು?" ಎಂದರು. ಆ ಬತ್ತಿ ಮುಗಿಸಿಟ್ಟು, ಹತ್ತಿಯನ್ನೇ ನೋಡುತ್ತ, "ಶುಕ್ರವಾರದ ದಿನ ಅದೆಲ್ಲ ಯಾಕೆ ತೆಗೀತೀಯ? ನಾಳೆ ಮನೇಲಿ ದೊಡ್ಡ ಕಾರ್ಯ ಇದೆ" ಎಂದರು. ಕಿವಿ ಮಂದವಾದವರಿಗೆ ಆ ಪ್ರಶ್ನೆ ಒಂದೇ ಸಲಕ್ಕೆ ಕೇಳಿಸಿತ್ತು.

ಸಂಜೆ ಗಂಡ ಕಾಫಿ ಕುಡಿಯುವಾಗ ಅವನನ್ನೂ ಕೇಳಿದಳು. ಲಕ್ಷ್ಮೀಪತಿ ಲೋಟವನ್ನು ಕೆಳಗಿಟ್ಟ. ಅವನಿಗೆ ತಮಾಷೆ ಹೊಳೆಯಲಿಲ್ಲ.

"ಮಾರೇನಹಳ್ಳಿ ಆಚೆ ಕಣೇ. ಆಗ ಅಲ್ಲೆಲ್ಲ ಹೊಲ. ಒಂದು ಹೊಂಗೆ ಮರ ಇತ್ತು, ಅದರ ಬುಡದಲ್ಲಿ." ಲೋಟವನ್ನು ದೂರ ಸರಿಸಿದ. "ಮೊದಮೊದಲು ಆಫೀಸಿಂದ ಬರ್ತಾ ಆ ಕಡೆ ಹೋಗಿ ನೋಡ್ಕೊಂಡು ಬರ್ತಿದ್ದೆ. ಆಮೇಲೆ ಲೇಔಟ್ ಆಯ್ತು. ಮರ ಕಡಿದ್ರು. ಈಗ ಎಲ್ಲಾ ಮನೆಗಳು. ಯಾವ ಮನೆ ಕೆಳಗೆ ಅಂತ ನಂಗೇ ಗೊತ್ತಾಗಲ್ಲ."

ಅವನು ಹೋಗುತ್ತಿದ್ದ ಎಂಬುದು ಅವಳಿಗೆ ಹೊಸದು. ಇಬ್ಬರೂ ಒಂದೇ ಮನೆಯಲ್ಲಿ, ಒಂದೇ ಹಾಸಿಗೆಯಲ್ಲಿ, ಬೇರೆಬೇರೆ ಹೊಂಗೆ ಮರದ ಕೆಳಗೆ ಕೂತು ಇಷ್ಟು ವರ್ಷ ಕಳೆದಿದ್ದರು. ಕಾಫಿ ಆರಿಹೋಯಿತು. ಅವಳು ಲೋಟ ಎತ್ತಿಕೊಂಡು ಒಳಗೆ ಹೋದಳು.

ಶನಿವಾರ ಸಂಜೆ ಹಜಾರ ತುಂಬಿತು. ಜಮಖಾನ ಸಾಲದೆ ಚಾಪೆ ಹಾಸಿದರು; ಶಿವಗಂಗಮ್ಮನವರು ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಗೋಡೆಗೆ ಒರಗಿದರು. ಕೆಂಗೇರಿಯಲ್ಲಿ ಮನೆ ಕಟ್ಟಿಸಿಕೊಂಡಿದ್ದ ಚೂಡಾಮಣಿಯೂ ಬಂದಿದ್ದಳು. ಮರದ ಪೀಠದ ಮೇಲೆ ಪುಸ್ತಕ, ಪುಸ್ತಕಕ್ಕೆ ಮಲ್ಲಿಗೆಯ ಹಾರ. ವತ್ಸಲಾ ದೂರ ಕೂರಲಿಲ್ಲ, ಪೀಠದ ಪಕ್ಕದಲ್ಲೇ ಕೂತಳು. ತಲೆನೋವು ಬರುತ್ತೆ ಕಣೇ, ಈ ಕಡೆ ಬಾ ಎಂದು ಯಾರೋ ಕರೆದರು. ಇರಲಿ ಎಂದಳು.

ಮೇಷ್ಟ್ರು ಓದಿದರು. ಅರಸ ರಾಜ್ಯ ಬಿಟ್ಟ, ಹೆಂಡತಿಯನ್ನೂ ಮಗನನ್ನೂ ಮಾರಿದ, ತಾನು ಸುಡುಗಾಡು ಕಾದ. ಮಗ ದರ್ಭೆ ಕೊಯ್ಯಲು ಹೋಗಿ ಬರಲಿಲ್ಲ. ತಾಯಿ ಹುಡುಕಿಕೊಂಡು ಹೋದಳು. ಹಾಳೆ ಮಗುಚುವ ಜಾಗ ಬಂತು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು, ವತ್ಸಲೆಯನ್ನು ಒಮ್ಮೆ ನೋಡಿದರು, ಹಾಳೆ ಮಗುಚದೆ ಮುಂದಿನ ಪದ್ಯಕ್ಕೆ ದನಿ ಇಳಿಸಿದರು.

ಆ ಬೀದಿಯಲ್ಲಿ ಯಾರೂ ಕೇಳಿರದ ಪದ್ಯಗಳು. ತಾಯಿ ಮಗನ ಪಾದದ ಧೂಳು ಒರೆಸುತ್ತಾಳೆ. ಹಸಿದು ಹೋಗಿದ್ದೆಯಲ್ಲ ಎನ್ನುತ್ತಾಳೆ. ಏಳು, ಇನ್ನೂ ಎಷ್ಟು ಮಲಗುತ್ತೀಯ ಎನ್ನುತ್ತಾಳೆ. ಹಜಾರದಲ್ಲಿ ಕೆಮ್ಮು ನಿಂತಿತು, ಬಳೆ ನಿಂತವು. ಲಕ್ಷ್ಮೀಪತಿ ಬಾಗಿಲ ಹತ್ತಿರ ನಿಂತಿದ್ದವನು ತಲೆ ಬಗ್ಗಿಸಿದ. ವತ್ಸಲೆಯ ಕೈ ತಾನಾಗಿ ಮೇಲೆದ್ದು ಪುಸ್ತಕದ ಹಾರವನ್ನು ತೆಗೆದು ಮಡಿಲಲ್ಲಿ ಇಟ್ಟುಕೊಂಡಿತು; ಒಂದು ಕೈ ಅದರ ಕೆಳಗೆ, ಒಂದು ಕೈ ಅದರ ಮೇಲೆ, ಹಸುಗೂಸಿನ ಕತ್ತು ಜೋಲದ ಹಾಗೆ. ವಾಸನೆ ಬಂತು. ತಲೆನೋವು ಬರಲಿಲ್ಲ. ಕಣ್ಣೀರು ಬಂತು, ಸದ್ದಿಲ್ಲದೆ, ನಿಲ್ಲದೆ; ಆ ದಿನ ಶಾಲಿನ ಕೆಳಗೆ ಹರಿದದ್ದರ ಹಾಗೆಯೇ ಅದೂ ಯಾರ ಮಾತನ್ನೂ ಕೇಳುವಂಥದಾಗಿರಲಿಲ್ಲ. ತಾನು ಕರೆದವನು ಬಂದಿದ್ದಾನೆ ಎಂದು ಅವಳಿಗೆ ತಿಳಿಯಿತು. ಬಂದು ಪಡಸಾಲೆಯಲ್ಲಿ ನಿಂತಿಲ್ಲ, ಕೋಣೆಯೊಳಗೆ ಬಂದು ಆ ಕೂಸಿನ ಪಕ್ಕ ನೆಲದ ಮೇಲೆ ಕೂತಿದ್ದಾನೆ. ಎಬ್ಬಿಸಲು ಬಂದವನಲ್ಲ. ಸುಮ್ಮನೆ ಕೂರಲು ಬಂದವನು.

ಮೇಷ್ಟ್ರು ಕೊನೆಯ ಪದ್ಯ ಮುಗಿಸಿ, ದೇವರು ಪ್ರತ್ಯಕ್ಷನಾಗಿ ಮಗು ಏಳುವ ಹಾಳೆಗೆ ಬೆರಳಿಟ್ಟರು.

"ಇಲ್ಲಿಗೆ ಸಾಕು ಮೇಷ್ಟ್ರೇ" ಎಂದಳು ವತ್ಸಲಾ. "ಅವಳು ಇನ್ನೂ ಅಳ್ತಾ ಇದಾಳೆ. ಇವತ್ತೊಂದು ದಿನ ಅಳಲಿ."

ಮೇಷ್ಟ್ರ ಬೆರಳು ಅಲ್ಲೇ ನಿಂತಿತು. ಹಜಾರದಲ್ಲಿ ಗುಜುಗುಜು ಎದ್ದಿತು. ಸಾವಿನಲ್ಲಿ ಓದು ನಿಲ್ಲಿಸಿದ್ದನ್ನು ಯಾರೂ ಕಂಡಿರಲಿಲ್ಲ. ಮನೆಗೆ ಒಳ್ಳೆಯದಲ್ಲ, ಕೇಳಿದವರಿಗೂ ಒಳ್ಳೆಯದಲ್ಲ. ಚೂಡಾಮಣಿ ಏನಾಯ್ತು ಅತ್ತಿಗೆ ಎಂದು ಎದ್ದು ಬರಲು ಹೋಗಿ, ಮಡಿಲಿನ ಹೂವನ್ನು ಕಂಡು, ಏನೂ ತಿಳಿಯದೆ ನಿಂತಳು. ತನ್ನ ಮದುವೆಗೆ ತೆತ್ತ ಬೆಲೆ ಏನೆಂದು ಅವಳಿಗೆ ಯಾರೂ ಪೂರ್ತಿಯಾಗಿ ಹೇಳಿರಲಿಲ್ಲ.

ಲಕ್ಷ್ಮಿದೇವಮ್ಮನಿಗೆ ತಿಳಿಯಿತು. ಮಲ್ಲಿಗೆಯ ಮೇಲಿಟ್ಟ ಆ ಕೈಯನ್ನು ಅವರು ನೋಡಿದರು. ಗೋಡೆ ಹಿಡಿದುಕೊಂಡು ಎದ್ದು, ಕೂತವರ ನಡುವೆ ದಾರಿ ಮಾಡಿಕೊಂಡು ಬಂದು, ಸೊಸೆಯ ಪಕ್ಕದಲ್ಲಿ ಕಷ್ಟಪಟ್ಟು ಕೂತರು. ಅವರ ಮುಖ ಒಂದೇ ಗಳಿಗೆಯಲ್ಲಿ ಬಹಳ ಮುಪ್ಪಾಗಿತ್ತು. ವತ್ಸಲೆಯ ಜಾರಿದ ಸೆರಗನ್ನು ಹೆಗಲ ಮೇಲೆ ಎಳೆದು ಹೊದಿಸಿದರು. ಅಂದಿನ ಹಾಗೆಯೇ ಕಿವಿಯ ಹತ್ತಿರ ಬಾಯಿ ತಂದರು. ಆದರೆ ಈ ಸಲ ಅದು ಅಪ್ಪಣೆಯಾಗಿರಲಿಲ್ಲ, ಬೇಡಿಕೆಯಾಗಿತ್ತು.

"ಹೀಗೆ ಬಿಡಬಾರ್ದು ಕಣೇ. ಎಲ್ಲರೂ ಕಾಯ್ತಾ ಇದಾರೆ. ಬಂದಷ್ಟು ಬರಲಿ, ಒಂದು ಸಾಲು ಮಂಗಳ ಹಾಡಿಬಿಡು ನನ್ನಮ್ಮ. ನನಗೋಸ್ಕರ."

ವತ್ಸಲಾ ಅತ್ತೆಯ ಕೈಯನ್ನು ಹೆಗಲಿಂದ ತೆಗೆದು, ತನ್ನ ಮಡಿಲಿನ ಮಲ್ಲಿಗೆಯ ಮೇಲೆ ಇಟ್ಟುಕೊಂಡಳು. ಗಂಟಲು ತೆರೆದಿತ್ತು. ಬಾಗಿಲು ಎಲ್ಲೂ ಅಡ್ಡವಿರಲಿಲ್ಲ.

"ಹಾಡಲ್ಲ, ಅತ್ತೆ" ಎಂದಳು.